ಹುಕ್ಕಿನ ಮೇಲೊಂದು ಹೊಲಿಗೆ

ಸರಸ್ವತಿಪುರಂ, ಮೈಸೂರು
12 ನವೆಂಬರ್ 2020

ರುಮಾನಾ ಅವರಿಗೆ,

ನಾನು ಸ್ಪಂದನಾಳ ತಾಯಿ, ನಾಗಮಣಿ. ನಿಮ್ಮ ಪರಿಚಯ ನನಗೆ ಆದದ್ದು ಉಪ್ಪಿನಕಾಯಿಯಿಂದ. ಹೋದ ವರ್ಷ ಮಗಳಿಗೆ ಕಳಿಸಿದ ಬಾಟಲಿಯಲ್ಲಿ ಅರ್ಧವನ್ನು ವಾರ್ಡ್‌ರೋಬಿನ ರುಮಾನಕ್ಕ ತಿಂದು ಮುಗಿಸಿದರು ಎಂದು ದೂರು ಹೇಳಿದಳು. ಆ ಪಾರ್ಸೆಲ್ಲಿಗೆಂದು ಕೊಟ್ಟಿದ್ದ ನಿಮ್ಮ ಮನೆಯ ವಿಳಾಸವನ್ನು ನಾನು ಇಟ್ಟುಕೊಂಡಿದ್ದೆ. ಆಮ್ಸ್ಟರ್‌ಡ್ಯಾಮಿನ ಬ್ಯಾಲೆ ಕಂಪನಿಯಲ್ಲಿ, ಸ್ಪಂದನಾ ಕುಣಿಯುವ ಕಡೆಯೇ, ಬಟ್ಟೆ ಹೊಲಿಯುವ ಕೋಣೆಯೊಳಗೆ ಚಿತ್ರದುರ್ಗದ ಹೆಣ್ಣುಮಗಳೊಬ್ಬಳು ಕೂತಿದ್ದಾಳೆ ಅನ್ನುವುದೇ ನನಗೊಂದು ಧೈರ್ಯ.

ಫೋನ್ ಬಿಟ್ಟು ಕಾಗದ ಯಾಕೆ ಅನ್ನಬಹುದು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಫೋನಿನಲ್ಲಿ ಜನ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರೆ ಅನ್ನುವುದು ನನಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರಲಾರದು. ಜೊತೆಗೆ ನನ್ನ ಮೊಬೈಲನ್ನು ಸರಿ ಮಾಡಿಕೊಟ್ಟವಳು ಅವಳೇ. ಅದರಲ್ಲಿ ಬರುವುದು ಹೋಗುವುದೆಲ್ಲ ಅವಳಿಗೂ ಕಾಣುತ್ತದೆ.

ಅಕ್ಟೋಬರಿನಲ್ಲಿ ಅವಳಿಗೆ ಕೊರೋನಾ ಬಂದಿತ್ತು. ವಾಸಿಯಾಯಿತು ಅನ್ನುತ್ತಾಳೆ. ವಿಡಿಯೋದಲ್ಲಿ ಮುಖ ಮಾತ್ರ ತೋರಿಸುತ್ತಾಳೆ, ಅದೂ ಕೂತುಕೊಂಡು. ಮೊದಲೆಲ್ಲ ನನ್ನ ಜೊತೆ ಮಾತಾಡುತ್ತಲೇ ಕಾಲನ್ನು ಕಿಟಕಿಯ ಮೇಲೆ ಎತ್ತಿಟ್ಟಿರುತ್ತಿದ್ದಳು. ನೀವು ಅಳತೆ ತೆಗೆಯುವವರು, ಅವಳ ಮೈ ನಿಮಗೆ ಗೊತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಅವಳ ಅಪ್ಪ ಸೋಮಶೇಖರ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಅವಳಿಗೆ ಐದು ವರ್ಷವಾಗಿದ್ದಾಗ ಸ್ಕೂಟರ್ ಅಪಘಾತದಲ್ಲಿ ಹೋದರು. ನನಗೆ ಉಳಿದದ್ದು ಇವಳೊಬ್ಬಳು.

ನಾಗಮಣಿ

*

ಹೂಫ್‌ಡಾರ್ಪ್
9 ಡಿಸೆಂಬರ್ 2020

ನಾಗಮಣಿ ಅಮ್ಮನವರಿಗೆ ರುಮಾನಾಳ ಸಲಾಮೂ ನಮಸ್ಕಾರವೂ.

ಉಪ್ಪಿನಕಾಯಿ ಅರ್ಧ ಬಾಟಲಿಯಲ್ಲ, ಮುಕ್ಕಾಲು. ನಿಮ್ಮ ಮಗಳು ನನ್ನ ಮರ್ಯಾದೆ ಉಳಿಸಿದ್ದಾಳೆ. ನನಗೆ ‘ನೀವು’ ಬೇಡ, ನಾನು ಅವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವಳಷ್ಟೇ. ಚಿತ್ರದುರ್ಗದಲ್ಲಿ ನಮ್ಮ ಅಬ್ಬಾ ಟೈಲರು. ಅವರ ಮಷಿನ್ ಕೆಳಗೆ ಆಡಿ ಬೆಳೆದವಳು ನಾನು. ಗಂಡ ಖಾಲಿದ್‌ಗೆ ಇಲ್ಲಿ, ಆಮ್ಸ್ಟರ್‌ಡ್ಯಾಮಿನ ಪಕ್ಕದ ಈ ಊರಿನಲ್ಲಿ, ವಿಮಾನ ಕಂಪನಿಯೊಂದರ ಐಟಿ ಕೆಲಸ. ಈಗ ನಮ್ಮ ಅಡುಗೆಮನೆಯ ಮೇಜೇ ಅವರ ಆಫೀಸು, ಒಗ್ಗರಣೆ ಹಾಕುವುದಕ್ಕೂ ಪರ್ಮಿಶನ್ ಕೇಳಬೇಕು. ಮಗ ಉವೈಸ್ ನಾನು ಕನ್ನಡದಲ್ಲಿ ಬೈದರೆ ಡಚ್‌ನಲ್ಲಿ ಎದುರುತ್ತರ ಕೊಡುತ್ತಾನೆ.

ಸ್ಪಂದನಾ ಚೆನ್ನಾಗಿದ್ದಾಳೆ. ಅವಳಿಗೊಂದು ದೊಡ್ಡ ಪಾತ್ರ ಸಿಕ್ಕಿದೆ, ನಿಮಗೆ ಹೇಳಿದಳೋ ಇಲ್ಲವೋ. ಕಂಪನಿ ಹುಟ್ಟಿದ ಹೊಸದರಲ್ಲಿ ಕಟ್ಟಿದ ಹಳೇ ಬ್ಯಾಲೆ. ಕಡಲು ಒಡ್ಡನ್ನು ಒಡೆಯಬಾರದು ಅಂತ ಊರವರು ಒಬ್ಬ ಮದುಮಗಳನ್ನು ಕಡಲಿಗೆ ಕೊಡುತ್ತಾರೆ. ಕೊನೆಯ ಅಂಕದಲ್ಲಿ ಅವಳು ಬೀಳುವವರೆಗೆ ನಿಲ್ಲದೆ ಕುಣಿಯಬೇಕು. ಆಡಬೇಕಿದ್ದ ಹುಡುಗಿ ಬ್ರೆಜಿಲ್‌ಗೆ ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡಳು. ಹಾಗಾಗಿ ನಮ್ಮವಳ ಪಾಲಿಗೆ ಬಂತು.

ಆ ಮದುಮಗಳ ಕುಪ್ಪಸ ನನ್ನ ಕೈಯಲ್ಲಿದೆ. ಹಾಕಿಕೊಂಡವರ ಹೆಸರನ್ನೆಲ್ಲ ಒಳಗಿನ ಅಸ್ತರಿಗೆ ಪಟ್ಟಿ ಪಟ್ಟಿಯಾಗಿ ಹೊಲಿದಿದ್ದಾರೆ. ಒಬ್ಬಳು ಲಂಡನ್ನಿನವಳು, ಒಬ್ಬಳು ಹವಾನಾದವಳು, ಒಬ್ಬಳು ಜಪಾನಿನವಳು, ಆಮೇಲೆ ರಷ್ಯಾದವಳು. ರಾಷ್ಟ್ರೀಯ ಕಂಪನಿ ಅನ್ನುತ್ತಾರೆ, ಹುಡುಕಿದರೆ ಡಚ್ ಹೆಸರು ಒಂದು ಸಿಗುತ್ತದೆ. ನಿಮ್ಮ ಮಗಳ ಹೆಸರೂ ಅಲ್ಲಿ ಸೇರಬೇಕು. ಆದರೆ ಮೊದಲ ಪ್ರದರ್ಶನದ ಪರದೆ ಬೀಳುವವರೆಗೆ ಹೊಲಿಯುವಂತಿಲ್ಲ. ಮೊದಲೇ ಹೊಲಿದರೆ ಕೆಡುಕು ಅನ್ನುವುದು ಇಲ್ಲಿಯವರ ನಂಬಿಕೆ.

ಅವಳು ಮೈಯನ್ನು ಜೋಪಾನವಾಗಿ ನೋಡಿಕೊಳ್ಳುತ್ತಿದ್ದಾಳೆ. ಇಲ್ಲಿ ಡಾನ್ಸರ್‌ಗಳು ಯಾವಾಗಲೂ ಪೂರ್ತಿ ಕುಣಿಯುವುದಿಲ್ಲ. ದಣಿಯಬಾರದೆಂದು ನಿಂತಲ್ಲೇ ನಿಂತು, ಕಾಲಿನ ಹೆಜ್ಜೆಯನ್ನೆಲ್ಲ ಕೈಬೆರಳಲ್ಲಿ ತೋರಿಸುತ್ತಾರೆ. ಅದಕ್ಕೆ ಮಾರ್ಕಿಂಗ್ ಅನ್ನುತ್ತಾರೆ. ಕೊರೋನಾ ಬಂದುಹೋದವರಿಗೆ ಹಾಗೆ ಮಾಡಲು ಯಾರೂ ಬೇಡ ಅನ್ನುವುದಿಲ್ಲ. ನಿಮ್ಮ ಮಗಳ ಬೆರಳು ನೋಡಬೇಕು ಅಮ್ಮ, ಕಾಲಿಗಿಂತ ಚೆಂದ ಕುಣಿಯುತ್ತವೆ.

ನಿಮ್ಮ
ರುಮಾನಾ

*

ಮೈಸೂರು
18 ಜನವರಿ 2021

ರುಮಾನಾ,

ನಿನ್ನ ಕಾಗದ ತಲುಪುವಷ್ಟರಲ್ಲಿ ಸಂಕ್ರಾಂತಿ ಕಳೆದುಹೋಯಿತು. ಆದರೂ ಓದಿ ಸಮಾಧಾನವಾಯಿತು. ಎದುರು ಮನೆಯ ಮಹಾಬಲೇಶ್ವರನಿಗೂ ಓದಿ ಹೇಳಿದೆ. ಮಗಳು ಹೀರೋಯಿನ್ ಆದಳಲ್ಲ ಅಂತ ಖುಷಿಪಟ್ಟ. ಕಡಲಿಗೆ ಕೊಡುವ ಹೀರೋಯಿನ್ ಅಂತ ನಾನು ಹೇಳಲಿಲ್ಲ.

ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಈ ಬೆರಳಲ್ಲಿ ಕುಣಿಯುವುದು ಎಷ್ಟು ದಿನ? ಕೊರೋನಾ ಬಂದು ಮೂರು ತಿಂಗಳಾಯಿತು. ಉಳಿದವರೂ ಇಷ್ಟು ದಿನ ಹಾಗೇ ಮಾಡುತ್ತಾರಾ, ಇಲ್ಲ ಇವಳೊಬ್ಬಳೇ? ನಮ್ಮ ಯಜಮಾನರೂ ಒಂದು ಕಾಲದಲ್ಲಿ ಬೆರಳು ಮಾತ್ರ ಆಡಿಸುತ್ತಾ… ಬಿಡು, ಅದು ಹಳೇ ಕಥೆ, ನಿನಗೆ ಬೇಡ.

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಪ್ರತಿ ಶನಿವಾರ ಬೆಂಗಳೂರಿಗೆ ಬ್ಯಾಲೆ ಕ್ಲಾಸಿಗೆ ಕರಕೊಂಡು ಹೋಗುತ್ತಿದ್ದೆ. ಟ್ರೈನ್ ಇಳಿದು ಮೆಟ್ಟಿಲನ್ನೆಲ್ಲ ಒಂದೇ ಉಸಿರಿಗೆ ಹತ್ತಿಬಿಡುತ್ತಿದ್ದಳು, ನಾನು ಕೆಳಗೆ ನಿಂತು ಕೂಗುತ್ತಿದ್ದೆ. ಈಗ ಹೇಗೆ ಹತ್ತುತ್ತಾಳೆ? ಅದೊಂದನ್ನು ನೋಡಿ ಬರಿ.

ನಾಗಮಣಿ

*

ಹೂಫ್‌ಡಾರ್ಪ್
20 ಫೆಬ್ರವರಿ 2021

ಅಮ್ಮ,

ಇಲ್ಲಿ ಹಿಮ ಬಿದ್ದು ಕಾಲುವೆಗಳೆಲ್ಲ ಹೆಪ್ಪುಗಟ್ಟಿದ್ದವು. ಉವೈಸ್ ಮಂಜುಗಡ್ಡೆಯ ಮೇಲೆ ಜಾರಿ ಗದ್ದ ಒಡೆದುಕೊಂಡ. ಈಗ ಆವೊಂಡ್‌ಕ್ಲೊಕ್ ಅಂತ ರಾತ್ರಿ ಕರ್ಫ್ಯೂ ಬೇರೆ. ಒಂಬತ್ತರ ಮೇಲೆ ಬೀದಿಯಲ್ಲಿ ಕಂಡರೆ ದಂಡ. ಥಿಯೇಟರ್ ಮುಚ್ಚಿದೆ, ರಿಹರ್ಸಲ್ ಮಾತ್ರ ನಡೆಯುತ್ತಿದೆ. ಖಾಲಿ ಕುರ್ಚಿಗಳ ಮುಂದೆ ಕುಣಿಯುತ್ತಾರೆ. ನೋಡಲು ಒಂಥರಾ ಭಯವಾಗುತ್ತದೆ.

ಮೆಟ್ಟಿಲಿನ ವಿಷಯ ಕೇಳಿದ್ದಿರಿ. ಅವಳು ಹತ್ತುತ್ತಾಳೆ. ಮಧ್ಯದಲ್ಲಿ ಕೂತು ಷೂವಿನ ರಿಬ್ಬನ್ ಕಟ್ಟಿಕೊಂಡು ಮತ್ತೆ ಹತ್ತುತ್ತಾಳೆ. ಆ ರಿಬ್ಬನ್ ಬಿಚ್ಚಿಹೋಗಿದ್ದನ್ನು ನಾನಂತೂ ಒಂದು ಸಲವೂ ನೋಡಿಲ್ಲ.

ಸ್ವಲ್ಪ ಸಣ್ಣಗಾಗಿದ್ದಾಳೆ. ಕುಪ್ಪಸವನ್ನು ಒಂದೆರಡು ಸಲ ಹಿಡಿದು ಹೊಲಿದೆ. ಡಾಕ್ಟರ ಹತ್ತಿರ ಕಳಿಸಿದೆ. ಇಲ್ಲಿನ ಮನೆ ಡಾಕ್ಟರು ಕಾಲು ಮುರಿದರೂ ಪ್ಯಾರಾಸಿಟಮಾಲ್ ಅನ್ನುವ ಪೈಕಿ. ರೆಸ್ಟ್ ಮಾಡು, ಕೊರೋನಾದ ಸುಸ್ತು ಅಂದರಂತೆ. ಇದಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಅವಳು ನನ್ನ ಕೈಯನ್ನು ಉವೈಸ್‌ನ ತಲೆಯ ಮೇಲಿಟ್ಟು ಆಣೆ ಹಾಕಿಸಿಕೊಂಡಿದ್ದಾಳೆ. ಅವಳದು ವರ್ಷಕ್ಕೊಮ್ಮೆ ಹೊಸದಾಗುವ ಕಾಂಟ್ರಾಕ್ಟ್. ಅದು ಮುಂದುವರಿದರೆ ಪರ್ಮಿಟ್, ಇಲ್ಲದಿದ್ದರೆ ವಾಪಸ್. ಈ ಪಾತ್ರದ ಮೇಲೆ ಎಲ್ಲ ನಿಂತಿದೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಮನೆಯಲ್ಲಿ, ಅವಳ ಅಪ್ಪನ ಕಡೆ, ಯಾರಿಗಾದರೂ ಎದೆಯ ತೊಂದರೆ ಇತ್ತಾ? ಸುಮ್ಮನೆ ಕೇಳಿದೆ.

ರುಮಾನಾ

*

ಮೈಸೂರು
22 ಮಾರ್ಚ್ 2021

ರುಮಾನಾ,

ಯಾರಿಗೂ ಇಲ್ಲ.

ಈ ಪ್ರಶ್ನೆ ನಿನ್ನದೋ, ನಿನ್ನಿಂದ ಯಾರಾದರೂ ಕೇಳಿಸಿದ್ದೋ ನನಗೆ ಗೊತ್ತಿಲ್ಲ. ನನ್ನ ಮಗಳನ್ನು ಆ ಜಾಗದಿಂದ ಎಬ್ಬಿಸಲು ಅಲ್ಲಿ ಹತ್ತು ಜನ ಕಾಯುತ್ತಿರುತ್ತಾರೆ. ಅವರಿಗೆ ಬೇಕಾದ ಮಾತು ನನ್ನ ಬಾಯಿಂದ ಬರುವುದಿಲ್ಲ. ಅವಳ ಅಪ್ಪ ಸ್ಕೂಟರಿನಿಂದ ಬಿದ್ದು ಸತ್ತರು. ಹಿಂದೆಯೇ ಬರೆದಿದ್ದೇನೆ, ಇನ್ನೊಂದು ಸಲ ಕೇಳಬೇಡ.

ಸಣ್ಣಗಾಗಿದ್ದರೆ ಊಟ ಹಾಕು. ನೀನು ಅಕ್ಕ ಅನ್ನಿಸಿಕೊಂಡಿದ್ದು ಯಾತಕ್ಕೆ?

ನಾಗಮಣಿ

*

ಹೂಫ್‌ಡಾರ್ಪ್
28 ಏಪ್ರಿಲ್ 2021

ಮಾನ್ಯ ನಾಗಮಣಿಯವರಿಗೆ,

ನಿಮ್ಮ ಕಾಗದ ಬಂತು. ಇನ್ನು ಕೇಳುವುದಿಲ್ಲ. ಊಟ ಹಾಕುತ್ತಿದ್ದೇನೆ. ಡಬ್ಬಿಯಲ್ಲಿ ಅರ್ಧ ವಾಪಸ್ ಬರುತ್ತದೆ.

ಟಿವಿಯಲ್ಲಿ ಬೆಂಗಳೂರಿನ ಸ್ಮಶಾನದ ಮುಂದಿನ ಆಂಬ್ಯುಲೆನ್ಸ್ ಸಾಲು ತೋರಿಸುತ್ತಿದ್ದಾರೆ. ಇಂಡಿಯಾದ ವಿಮಾನಗಳನ್ನು ಮೊನ್ನೆಯಿಂದ ಇವರು ನಿಲ್ಲಿಸಿದ್ದಾರೆ. ಚಿತ್ರದುರ್ಗದಲ್ಲಿ ನಮ್ಮ ದೊಡ್ಡಮ್ಮಿ ಹೋದರು, ನೋಡಲು ಹೋಗಲಾಗಲಿಲ್ಲ. ನೀವು ಮನೆಯೊಳಗೇ ಇರಿ.

ಜೂನ್ ಮೊದಲ ವಾರ ಥಿಯೇಟರ್ ತೆರೆಯುತ್ತಾರಂತೆ. ನಮ್ಮ ಪ್ರದರ್ಶನ ಹನ್ನೆರಡನೇ ತಾರೀಖು. ಸ್ಪಂದನಾ ಇನ್ನೂ ಕೈಯಲ್ಲೇ ಕುಣಿಯುತ್ತಿದ್ದಾಳೆ. ರಿಹರ್ಸಲ್ ಮಾಡಿಸುವ ಮೇಷ್ಟರು ಇವತ್ತು ತಮಾಷೆಗೆ, ನಿನ್ನ ಕಾಲು ನೋಡಿ ಎಷ್ಟು ದಿನವಾಯಿತು ಅಂದರು. ಅವಳೂ ನಕ್ಕಳು.

ನಿನ್ನೆ ಉಡುಪಿನ ಉಗ್ರಾಣದಲ್ಲಿ ನೇತುಹಾಕಿದ ಲಂಗಗಳ ನಡುವೆ ನೆಲದ ಮೇಲೆ ಮಲಗಿದ್ದಳು. ಎಬ್ಬಿಸಿದರೆ ತಕ್ಷಣ ಏಳಲಿಲ್ಲ. ಆಮೇಲೆ, ನಿದ್ದೆ ಬಂದುಬಿಟ್ಟಿತ್ತು ಅಕ್ಕ ಅಂದಳು. ತುಟಿ ಬೆಳ್ಳಗಿತ್ತು. ನಿದ್ದೆಯೇ ಇರಬಹುದು.

ಇತಿ
ರುಮಾನಾ

*

ಮೈಸೂರು
14 ಮೇ 2021

ರುಮಾನಾ, ತಾಯಿ,

ನನಗೆ ಮೂರು ದಿನದಿಂದ ಜ್ವರ. ನಾಳೆ ಆಸ್ಪತ್ರೆಗೆ ಸೇರಿಸುತ್ತೇನೆ ಅಂತ ಮಹಾಬಲೇಶ್ವರ ಹಟ ಹಿಡಿದಿದ್ದಾನೆ. ಹೋದವರೆಲ್ಲ ವಾಪಸ್ ಬರುತ್ತಿಲ್ಲ. ಅದಕ್ಕೇ ಈ ಕಾಗದ.

ಸೋಮಶೇಖರ ಸ್ಕೂಟರಿನಿಂದ ಬಿದ್ದು ಸಾಯಲಿಲ್ಲ. ಪರೇಡ್ ಮೈದಾನದಲ್ಲಿ ಬ್ಯಾಂಡಿನ ಮಧ್ಯೆ ನಿಂತಲ್ಲೇ ಬಿದ್ದರು. ಅವರ ಅಣ್ಣನೂ ಮೂವತ್ತರೊಳಗೆ ಹಾಗೇ ಹೋಗಿದ್ದರು. ನಿಂತ ಸಾವಿನ ಮನೆತನ ಅಂತ ಜನ ಆಡಿಕೊಳ್ಳುತ್ತಿದ್ದರು. ಹೆಣ್ಣು ಮಗು, ನಾಳೆ ಯಾರು ಮದುವೆಯಾಗುತ್ತಾರೆ, ಸ್ಕೂಟರ್ ಅಂದುಬಿಡು ಅಂದರು ನಮ್ಮ ಅತ್ತೆ. ಅಂದೆ. ಬ್ಯಾಲೆ ಅಕಾಡೆಮಿಗೆ ಸೇರುವಾಗ, ಅಪ್ಪ ಹೇಗೆ ಹೋದರು ಅಂತ ಡಾಕ್ಟರು ಅವಳನ್ನೇ ಕೇಳಿದರು. ಅವಳು ಸ್ಕೂಟರ್ ಅಂದಳು. ಅವಳಿಗೆ ಅದು ಸುಳ್ಳಲ್ಲ. ಪಕ್ಕದಲ್ಲಿ ಕೂತಿದ್ದ ನಾನು ಬಾಯಿ ಬಿಡಲಿಲ್ಲ.

ಸಾಯುವ ಮೊದಲಿನ ತಿಂಗಳುಗಳಲ್ಲಿ ಅವರು ಕ್ಲಾರಿನೆಟ್ಟಿಗೆ ಉಸಿರು ಹಾಕುತ್ತಿರಲಿಲ್ಲವಂತೆ. ಬೆರಳು ಮಾತ್ರ ಆಡಿಸುತ್ತಿದ್ದರು. ಇಡೀ ಬ್ಯಾಂಡು ಊದುವಾಗ ಒಬ್ಬರ ಸದ್ದು ಇಲ್ಲದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಪಕ್ಕದಲ್ಲಿ ನುಡಿಸುತ್ತಿದ್ದ ಹಾಲಪ್ಪ ತಿಥಿಯ ದಿನ ನನಗೆ ಹೇಳಿದ. ಮೆಟ್ಟಿಲ ಮಧ್ಯೆ ನಿಂತು ವಾಚಿಗೆ ಕೀಲಿ ಕೊಡುತ್ತಿದ್ದರು. ಅದನ್ನು ನಾನೇ ನೋಡಿದ್ದೆ. ನೀನು ಬರೆದ ಬೆರಳಿನ ವಿಷಯ ಓದಿದ ದಿನವೇ ನನಗೆ ಹಾಲಪ್ಪನ ಮಾತು ನೆನಪಾಯಿತು. ಆಮೇಲೆ ನೀನು ಎದೆ ಅಂದಾಗ ಹೆದರಿಕೆಗೆ ನಿನ್ನ ಮೇಲೆ ಎಗರಾಡಿದೆ.

ಇವತ್ತು ಮಧ್ಯಾಹ್ನ ಅವಳಿಗೆ ಫೋನ್ ಮಾಡಿದೆ. ಅಮ್ಮ, ರಿಹರ್ಸಲ್, ಆಮೇಲೆ ಮಾಡ್ತೀನಿ ಅಂದಳು. ಸರಿ ಅಂದುಬಿಟ್ಟೆ. ಅಷ್ಟು ಹೇಡಿ ನಾನು. ನೀನು ಅವಳನ್ನು ಕುಣಿಯಲು ಬಿಡಬೇಡ. ಕಾಲು ಹಿಡಿದು ಕೇಳುತ್ತೇನೆ.

ನಾಗಮಣಿ

*

ಹೂಫ್‌ಡಾರ್ಪ್
16 ಜೂನ್ 2021

ಅಮ್ಮ,

ನಿಮ್ಮಿಂದ ಕಾಗದವಿಲ್ಲ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ಅವರಿಗೆ ಏನೂ ಹೇಳಬೇಡ ಅಂತ ಖಾಲಿದ್ ಕೈಲಿ ಹೇಳಿಸಿದ್ದಾಳೆ ಸ್ಪಂದನಾ. ನಾನು ಹೇಳುತ್ತಿದ್ದೇನೆ. ಮಗನ ತಲೆಯ ಆಣೆ ಮುರಿದದ್ದಾಗಿದೆ, ಖುದಾ ಮಾಫ್ ಮಾಡಲಿ. ಮೊದಲೇ ಬರೆಯುತ್ತೇನೆ, ನಿಮ್ಮ ಮಗಳು ಬದುಕಿದ್ದಾಳೆ.

ಕೊನೆಯ ಅಂಕದ ಮೊದಲು ಕುಪ್ಪಸದ ಹುಕ್ಕು ಹಾಕಿ, ಅದರ ಮೇಲೆ ದಾರದಿಂದ ಹೊಲಿಯುವುದು ನಮ್ಮ ರೂಢಿ. ಜೊತೆಗಾರ ಎತ್ತುವಾಗ ಹುಕ್ಕು ಬಿಚ್ಚಬಾರದಲ್ಲ. ಒಮ್ಮೆ ಹೊಲಿದರೆ ಡಾನ್ಸರ್ ತಾನಾಗಿ ಬಿಚ್ಚಿಕೊಳ್ಳಲು ಬರುವುದಿಲ್ಲ. ಹನ್ನೆರಡನೇ ತಾರೀಖು, ಪ್ರದರ್ಶನದ ನಡುವೆ, ನಾನು ಅವಳ ಬೆನ್ನ ಹಿಂದೆ ಕೂತು, ಎಡಗೈಯನ್ನು ಬಟ್ಟೆಯೊಳಗೆ ಇಟ್ಟು ಹೊಲಿಯುತ್ತಿದ್ದೆ. ಅದೇ ದಿನ ಮೊದಲ ಸಲ ಅವಳು ಪೂರ್ತಿ ಕುಣಿದಿದ್ದು, ಎರಡು ಅಂಕ. ನನ್ನ ಅಂಗೈಯ ಕೆಳಗೆ ಅವಳ ಎದೆ ಓಡಿತು, ನಿಂತಿತು, ಮತ್ತೆ ಓಡಿತು. ನನ್ನ ಸೂಜಿಯೂ ನಿಂತಿತು.

“ಸ್ಪಂದನಾ, ಕೂತ್ಕೊ” ಅಂದೆ.

“ಅಕ್ಕಾ, ಟೈಮಿಲ್ಲ. ಹೊಲಿ.”

“ನಿನ್ನ ಎದೆ ಸರಿ ಇಲ್ಲ ಕಣೇ.”

“ಅದು ಯಾವಾಗ್ಲೂ ಹಂಗೇನೆ. ಕರ್ಟನ್ ಬಿದ್ಮೇಲೆ ಸರಿ ಹೋಗುತ್ತೆ. ಪ್ಲೀಸ್ ಅಕ್ಕಾ, ಹೊಲಿ.”

ದಾರ ಕತ್ತರಿಸಿದ್ದರೆ ಬೇರೆ ಯಾರಾದರೂ ಹೊಲಿದುಬಿಡುತ್ತಿದ್ದರು. ಅದಕ್ಕೆ ನಾನು ಬಟ್ಟೆಯನ್ನೇ ಕತ್ತರಿಸಿದೆ. ಕುತ್ತಿಗೆಯಿಂದ ಸೊಂಟದವರೆಗೆ, ಆ ಹೆಸರುಗಳ ಪಕ್ಕದಲ್ಲೇ. ಹರಿದ ಬೆನ್ನನ್ನು ಕೈಯಲ್ಲಿ ಹಿಡಿದುಕೊಂಡು ಅವಳು ನನ್ನನ್ನು ನೋಡಿದಳು.

“ನಿನ್ನ ಕೈ ಬಿದ್ದುಹೋಗ್ಲಿ” ಅಂದಳು. ಕನ್ನಡದಲ್ಲೇ ಅಂದಳು.

ಬದಲಿ ಹುಡುಗಿ ರಿಹರ್ಸಲ್ ಕುಪ್ಪಸ ಹಾಕಿಕೊಂಡು ವೇದಿಕೆಗೆ ಓಡಿದಳು. ಸ್ಪಂದನಾ ನನ್ನನ್ನು ತಳ್ಳಿ ಹೊರಗೆ ಹೋದಳು. ಡ್ರೆಸ್ಸಿಂಗ್ ರೂಮಿನ ದಾರಿಯಲ್ಲಿ ಬಿದ್ದಳು. ಅಲ್ಲೇ ಗೋಡೆಯ ಮೇಲೆ, ಎದೆಗೆ ಶಾಕ್ ಕೊಡುವ ಯಂತ್ರ ಇತ್ತು. ಡ್ಯೂಟಿಯ ನರ್ಸ್ ಕೂಡಲೇ ಬಂದು ಶಾಕ್ ಕೊಟ್ಟರು. ವೇದಿಕೆಯ ಮೇಲೆ ಬಿದ್ದಿದ್ದರೆ ಅದನ್ನೂ ಪಾತ್ರ ಅಂದುಕೊಂಡು ಎಲ್ಲರೂ ನೋಡುತ್ತಾ ಕೂತಿರುತ್ತಿದ್ದರು. ಮದುಮಗಳು ಕೊನೆಗೆ ಬೀಳಲೇಬೇಕಲ್ಲ.

ಹೃದಯದ ಗೋಡೆ ದಪ್ಪಗಾಗಿದೆ, ಇದು ಕೊರೋನಾದಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದಿರಬೇಕು ಅನ್ನುತ್ತಾರೆ ಡಾಕ್ಟರು. ಮತ್ತೆ ಮತ್ತೆ ಅಪ್ಪನ ವಿಷಯ ಕೇಳುತ್ತಾರೆ. ಅವಳು ಸ್ಕೂಟರ್ ಅನ್ನುತ್ತಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನ್ನನ್ನು ಕೆಲಸಕ್ಕೆ ಬರಬೇಡ ಅಂದಿದ್ದಾರೆ, ವಿಚಾರಣೆ ಮುಗಿಯುವವರೆಗೆ.

18 ಜೂನ್

ಇದನ್ನು ಅಂಟಿಸಬೇಕು ಅನ್ನುವಷ್ಟರಲ್ಲಿ ನಿಮ್ಮ ಮೇ ತಿಂಗಳ ಕಾಗದ ಬಂತು. ಆಸ್ಪತ್ರೆಯ ಓಡಾಟದಲ್ಲಿ ಒಂದು ವಾರ ತಡವಾಗಿ ಪೋಸ್ಟ್ ಮಾಡಿದೆ, ಕ್ಷಮಿಸಿ ಅಂತ ಮಹಾಬಲೇಶ್ವರ ಅವರು ಕವರಿನ ಹಿಂದೆ ಬರೆದಿದ್ದಾರೆ.

ನಿಮ್ಮ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಫೆಬ್ರವರಿಯಲ್ಲಿ ನಾನು ಕೇಳಿದ್ದೆ ಅಮ್ಮ. ಆದರೆ ಅವಳು ಸಣ್ಣಗಾದದ್ದನ್ನು ಯಾರಿಗೂ ಕಾಣದ ಹಾಗೆ ಹೊಲಿದುಕೊಟ್ಟವಳು ನಾನೇ. ನಿಮಗೆ ಏನಂತ ಹೇಳಲಿ?

ನಿಮ್ಮ ಕಾಗದವನ್ನು ಆಸ್ಪತ್ರೆಗೆ ಒಯ್ದು ಅವಳ ಕೈಗೆ ಕೊಟ್ಟೆ. ಎರಡು ಸಲ ಓದಿದಳು. ಆಮೇಲೆ ಆ ದಿನದ ನಂತರ ಮೊದಲ ಸಲ ನನ್ನ ಜೊತೆ ಮಾತಾಡಿದಳು.

“ಹಾಗಾದ್ರೆ ಅಪ್ಪಾನೂ ಮಾರ್ಕಿಂಗ್ ಮಾಡ್ತಿದ್ರು” ಅಂದಳು.

ರುಮಾನಾ

*

ಹೂಫ್‌ಡಾರ್ಪ್
11 ಅಕ್ಟೋಬರ್ 2021

ಅಮ್ಮ,

ಸ್ಪಂದನಾ ಊರು ತಲುಪಿದ ಮೇಲೆ ನಿಮ್ಮಿಬ್ಬರಿಂದಲೂ ಸುದ್ದಿ ಇಲ್ಲ. ಇಲ್ಲಿನ ಡಾಕ್ಟರು ಅವಳ ಎದೆಯೊಳಗಿಟ್ಟ ಶಾಕ್ ಕೊಡುವ ಸಣ್ಣ ಯಂತ್ರ ಹೇಗಿದೆ? ಮೈಸೂರಿನ ಡಾಕ್ಟರು ನೋಡಿದರಾ?

ನನ್ನನ್ನು ವಾಪಸ್ ತೆಗೆದುಕೊಂಡಿದ್ದಾರೆ. ಹೊಸ ಕೆಲಸ ಬೇಡ, ಹರಿದದ್ದನ್ನು ಮೊದಲು ಸರಿ ಮಾಡು ಅಂದರು. ಆ ಕುಪ್ಪಸವನ್ನು ನಾನೇ ಕೂಡಿಸಿದೆ. ಗಾಯದ ಗುರುತು ಹೋಗುವುದಿಲ್ಲ, ಆದರೆ ಹಾಕಿಕೊಳ್ಳಬಹುದು. ಅಸ್ತರಿನ ಒಳಗೆ, ಕತ್ತರಿ ಆಡಿದ ಜಾಗದಲ್ಲಿ, ಅವಳ ಹೆಸರಿನ ಪಟ್ಟಿ ಹೊಲಿದಿದ್ದೇನೆ. ಕೊನೆಯ ಅಂಕ ಆಡದವಳ ಹೆಸರು ಅಲ್ಲಿ ಇರಬಾರದು. ಇರಲಿ. ಅವಳಿಗೆ ಹೇಳಿ, ಕೇಳುವ ಮನಸ್ಸಿದ್ದರೆ.

ರುಮಾನಾ

*

ಮೈಸೂರು
20 ಡಿಸೆಂಬರ್ 2021

ರುಮಾನಾ,

ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಮಾರನೇ ದಿನ ನೋಡಿದರೆ ಕಾಗದ ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ, ಅವಳ ದಿಂಬಿನ ಕೆಳಗಿತ್ತು.

ಮನೆಯಲ್ಲಿ ಮಾತು ಕಡಿಮೆ. ನಾನು ಕೇಳುತ್ತೇನೆ, ಹೇಗಿದ್ದೀಯ ಅಂತ. ಚೆನ್ನಾಗಿದ್ದೀನಿ ಅನ್ನುತ್ತಾಳೆ. ಈ ಮಾತನ್ನು ನಾನು ಎಷ್ಟು ವರ್ಷ ಕೇಳಿದ್ದೇನೋ, ಅವರಿಂದ, ಇವಳಿಂದ. ಅವಳು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತಿರುತ್ತೇನೆ. ನೀರಿನ ಸದ್ದು ನಿಂತರೆ ಹೆಸರು ಹಿಡಿದು ಕರೆಯುತ್ತೇನೆ. ಅವಳಿಗೆ ಸಿಟ್ಟು ಬರುತ್ತದೆ.

ಹೋದ ವಾರ ಅಟ್ಟದಿಂದ ಕ್ಲಾರಿನೆಟ್ಟಿನ ಪೆಟ್ಟಿಗೆ ಇಳಿಸಿ ಅವಳ ಮುಂದಿಟ್ಟೆ. ಅದನ್ನು ಮಾರಿದೆ ಅಂತ ಹೇಳಿದ್ದೆ, ಅದೂ ಸುಳ್ಳೇ. ಪೊಲೀಸ್ ಬ್ಯಾಂಡಿನದಲ್ಲ, ಅವರ ಸ್ವಂತದ್ದು. ಅಂದಿನಿಂದ ದಿನವೂ ಜಗಲಿಯಲ್ಲಿ ಅದನ್ನು ಹಿಡಿದು ಕೂರುತ್ತಾಳೆ. ಊದುವುದಿಲ್ಲ. ರಂಧ್ರಗಳ ಮೇಲೆ ಬೆರಳು ಮಾತ್ರ ಓಡುತ್ತವೆ. ಅದು ಕ್ಲಾರಿನೆಟ್ಟಿನ ಸ್ವರವಲ್ಲ ಅಂತ ನನಗೂ ಗೊತ್ತಾಗುತ್ತದೆ. ಆ ಮದುಮಗಳ ಕೊನೆಯ ಅಂಕ ಇರಬೇಕು.

ಇವತ್ತು ಈ ಕಾಗದ ಬರೆಯುತ್ತಾ ಅವಳ ಬೆರಳು ನೋಡುತ್ತಿದ್ದೆ. ಮಧ್ಯದಲ್ಲಿ ನಿಂತವು. ಮತ್ತೆ ಶುರುವಾದವು. ಮತ್ತೆ ನಿಂತವು. ಮೊದಲಾಗಿದ್ದರೆ ನಾನು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ.

“ಏನಾಗ್ತಿದೆ? ನಿಜ ಹೇಳು” ಅಂದೆ.

ಅವಳು ಕ್ಲಾರಿನೆಟ್ ಕೆಳಗಿಟ್ಟಳು. “ಇವತ್ತು ಚೆನ್ನಾಗಿಲ್ಲಮ್ಮ” ಅಂದಳು. “ಬೆಳಿಗ್ಗೆಯಿಂದ ಚೆನ್ನಾಗಿಲ್ಲ. ಭಯ ಆಗ್ತಿದೆ.”

ನನ್ನ ಮನೆಯಲ್ಲಿ ಈ ಮಾತನ್ನು ಬಾಯಿ ಬಿಟ್ಟು ಹೇಳಿದ ಮೊದಲನೆಯವಳು ಅವಳು. ಮಹಾಬಲೇಶ್ವರನನ್ನು ಕೂಗಿದೆ. ಅವನು ಕಾರು ತೆಗೆಯುತ್ತಿದ್ದಾನೆ, ಹಾರ್ನ್ ಕೇಳಿಸುತ್ತಿದೆ. ಆಸ್ಪತ್ರೆ ಇಲ್ಲೇ ಹತ್ತಿರ. ಅವಳು ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಾಳೆ, ನನಗಾಗಿ ಕೈ ಚಾಚಿದ್ದಾಳೆ. ನಾನು ಹೋಗಬೇಕು ರುಮಾನಾ.

ನಾಗಮಣಿ